ಒಂದು ನಿಂಬೆ ಬೀಜ, ಎಷ್ಟು ಗಿಡ?

ಮಕ್ಕಳೇ, ಒಂದೇ ಒಂದು ನಿಂಬೆ ಬೀಜ ನೆಟ್ಟು ನೋಡಿ. ಎಷ್ಟೋ ಸಲ ಎರಡು ಮೂರು ಮೊಳಕೆ ಬರುತ್ತವೆ! ಅವುಗಳಲ್ಲಿ ಪರಾಗಸ್ಪರ್ಶದಿಂದ ಹುಟ್ಟಿದ್ದು ಸಾಮಾನ್ಯವಾಗಿ ಒಂದೇ. ಉಳಿದವು ಅಂಡಕದೊಳಗಿನ ತಾಯಿಯ ಅಂಗಾಂಶದಿಂದಲೇ ಬೆಳೆದವು. ತಂದೆಯ ಪಾಲೇ ಇಲ್ಲ, ಪೂರ್ತಿ ತಾಯಿಯ ನಕಲು. ಕಿತ್ತಳೆಯಲ್ಲೂ ಹೀಗೇ. ಚಕ್ಕೋತದಲ್ಲಿ ಮಾತ್ರ ಒಂದು ಬೀಜಕ್ಕೆ ಒಂದೇ ಭ್ರೂಣ. ಅದಕ್ಕೇ ಬೀಜದಿಂದ ಬೆಳೆಸಿದ ಚಕ್ಕೋತ ತಾಯಿ ಮರದ ಹಣ್ಣನ್ನೇ ಕೊಡುತ್ತೆ ಅನ್ನೋ ಖಾತ್ರಿ ಇಲ್ಲ.

ಇದರಿಂದ ಏನು ತೊಂದರೆ ಅಂತೀರಾ? ಕೊಡಗಿನ ಕಿತ್ತಳೆಯ ಹೆಸರು ಕೇಳಿರುತ್ತೀರಿ. ಅಲ್ಲಿ ಹಿಂದಿನಿಂದಲೂ ಬೀಜದಿಂದಲೇ ಸಸಿ ಮಾಡುತ್ತಿದ್ದರು. ತೋಟದಲ್ಲಿ ನೂರು ಮರ ಇದ್ದರೂ ಅವು ನಾಲ್ಕೈದು ಮರಗಳ ನಕಲುಗಳೇ ಆಗಿರಬಹುದು. ಗ್ರೀನಿಂಗ್ ಎಂಬ ರೋಗ ಬಂತು ಅನ್ನಿ. ಅದು ಬ್ಯಾಕ್ಟೀರಿಯಾದ್ದು, ಒಂದು ಸಣ್ಣ ರಸ ಹೀರುವ ಕೀಟ ಹರಡುತ್ತದೆ. ತಾಯಿ ಮರಕ್ಕೆ ತಡೆಯುವ ಗುಣ ಇಲ್ಲದಿದ್ದರೆ ನಕಲುಗಳಿಗೂ ಇಲ್ಲ. ಕೊಡಗಿನ ಎಷ್ಟೋ ತೋಟಗಳಲ್ಲಿ ಕಿತ್ತಳೆ ಕಡಿಮೆಯಾಗಲು ರೋಗವೂ ಒಂದು ಕಾರಣ.

ಹಾಗಾದರೆ ಯಾವ ಮರ ಬೇರೆ, ಯಾವುದು ನಕಲು? ಕಣ್ಣು ಮೋಸ ಹೋಗುತ್ತದೆ. ಒಂದೇ ಗಿಡ ಗೊಬ್ಬರ ಸಿಕ್ಕರೆ ದಪ್ಪ ಹಣ್ಣು ಬಿಡುತ್ತದೆ, ಸಿಗದಿದ್ದರೆ ಸಣ್ಣದು. ಹೆಸರನ್ನೂ ನಂಬೋಕಾಗಲ್ಲ. ನಮ್ಮ ಪಾಲಕೋಡಿನಲ್ಲೇ ನೋಡಿ, ನಾವು ಹೇರಳೆಕಾಯಿ ಅನ್ನೋದನ್ನು ಪಕ್ಕದ ಮನೆಯವರು ನಾರ್ತಂಗಾಯಿ ಅಂತಾರೆ.

ಆದ್ದರಿಂದ ವಿಜ್ಞಾನಿಗಳು ಎಲೆಯಿಂದ ಡಿಎನ್‌ಎ ತೆಗೆಯುತ್ತಾರೆ. ಅದರ ಕೆಲವು ಕಡೆ ಎರಡು ಮೂರು ಅಕ್ಷರಗಳು ಜಿಎ, ಜಿಎ, ಜಿಎ ಅಂತ ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಅನ್ನೋದು ಮರದಿಂದ ಮರಕ್ಕೆ ಬದಲಾಗಬಹುದು. ಇಂಥ ಜಾಗವೇ ಅಣು ಗುರುತು, ಅಂದರೆ ಮಾಲಿಕ್ಯುಲರ್ ಮಾರ್ಕರ್. ಪಿಸಿಆರ್ ಯಂತ್ರದಲ್ಲಿ ಆ ತುಂಡನ್ನು ಕೋಟಿಗಟ್ಟಲೆ ನಕಲು ಮಾಡಿ, ಜೆಲ್ ಮೇಲೆ ವಿದ್ಯುತ್ತಿನಿಂದ ಓಡಿಸುತ್ತಾರೆ. ಗಿಡ್ಡ ತುಂಡು ಮುಂದೆ ಓಡುತ್ತೆ, ಉದ್ದದ್ದು ಹಿಂದೆ ಉಳಿಯುತ್ತೆ. ತಾಯಿಯಲ್ಲಿ 12 ಮತ್ತು 15 ಸಲದ ಎರಡು ಗೆರೆ ಇವೆ ಅಂದುಕೊಳ್ಳಿ. ಸಸಿಯಲ್ಲಿ 12 ಮತ್ತು 18 ಕಂಡರೆ ಆ 18 ತಂದೆಯ ಕಡೆಯದು, ಅದು ನಕಲಲ್ಲ. ಒಂದು ಗುರುತು ಸಾಲದು, ಹತ್ತಾರು ಗುರುತು ನೋಡಬೇಕು.

ಡಿಎನ್‌ಎ ಓದಿದ್ದರಿಂದಲೇ ಮೋಸಂಬಿಯೊಳಗೆ ಚಕ್ಕೋತವೂ ಕಿತ್ತಳೆಯೂ ಬೆರೆತಿವೆ ಅಂತ ಖಚಿತವಾಗಿದ್ದು. ಹಣ್ಣು ಸುಲಿದು ಅದನ್ನು ಹೇಳೋಕೆ ಆಗ್ತಿತ್ತಾ?

ಈ ವಾರ ಹತ್ತು ನಿಂಬೆ ಬೀಜ ಒಂದೊಂದು ಡಬ್ಬಿಯಲ್ಲಿ ನೆಡಿ. ಒಂದು ತಿಂಗಳು ಬಿಟ್ಟು ಪ್ರತಿ ಡಬ್ಬಿಯ ಮೊಳಕೆ ಎಣಿಸಿ, ಪುಸ್ತಕದಲ್ಲಿ ಬರೆದು ತನ್ನಿ.