ಚರ್ಚ್ ಮೈದಾನಕ್ಕೆ ವೈಫೈ: ವಿದ್ಯುತ್ ಎಲ್ಲಿಂದ? ಸಿಡಿಲಿಗೇನು ರಕ್ಷಣೆ?

ವಾರ್ಷಿಕ ಹಬ್ಬ, ನೊವೇನಾ, ಮೈದಾನದಲ್ಲಿ ನಡೆಯುವ ಬಲಿಪೂಜೆ ಇವುಗಳನ್ನು ನೇರ ಪ್ರಸಾರ ಮಾಡುವ ಪರಿಪಾಠ 2020ರ ಲಾಕ್‌ಡೌನ್ ನಂತರ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬೇರೂರಿದೆ. ಅದಕ್ಕಾಗಿ ಹೊರಾಂಗಣ ವೈಫೈ ಅಳವಡಿಸಲು ಹೊರಟಾಗ ಪಾಲನಾ ಸಮಿತಿಯಲ್ಲಿ ಚರ್ಚೆಯಾಗುವುದು ಹೆಚ್ಚಾಗಿ ಬೆಲೆ ಮತ್ತು ವೇಗ. ಕರಾವಳಿಯಲ್ಲಿ ಅದಕ್ಕೂ ಮೊದಲು ಕೇಳಬೇಕಾದ್ದು, ಉಪಕರಣಕ್ಕೆ ವಿದ್ಯುತ್ ಯಾವ ದಾರಿಯಲ್ಲಿ ಹೋಗುತ್ತದೆ ಮತ್ತು ಸಿಡಿಲಿನ ಹೊಡೆತ ಯಾವ ದಾರಿಯಲ್ಲಿ ಒಳಬರುತ್ತದೆ ಎಂಬುದನ್ನು.

ಗೋಡೆಯ ಹೊರಗೆ 230 ವೋಲ್ಟಿನ ವಯರ್ ಎಳೆದು, ಮಳೆಗೆ ನೆನೆಯುವ ಪೆಟ್ಟಿಗೆಯೊಳಗೆ ಪ್ಲಗ್ ಕೊಟ್ಟು, ಅದಕ್ಕೆ ಅಡಾಪ್ಟರ್ ಸಿಕ್ಕಿಸುವ ಕ್ರಮವನ್ನು ಇನ್ನೂ ಅಲ್ಲಲ್ಲಿ ಕಾಣುತ್ತೇವೆ. ಹಬ್ಬದ ಮುನ್ನಾದಿನ ಏಣಿ ಹತ್ತಿ ಅದನ್ನು ಸರಿಪಡಿಸಲು ಹೋಗುವವರು ನಮ್ಮ ಯುವಕರೇ. ಇಂತಹ ಅಪಾಯ ತಂದುಕೊಳ್ಳುವ ಅಗತ್ಯವೇ ಇಲ್ಲ. ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳುಹಿಸುವ 'ಪವರ್ ಓವರ್ ಈಥರ್ನೆಟ್' ವ್ಯವಸ್ಥೆಗೆ 2003ರಲ್ಲೇ ಮಾನದಂಡ ರೂಪುಗೊಂಡಿತು. ಆಗ ಒಂದು ಕೇಬಲಿಗೆ 15.4 ವಾಟ್ ಇದ್ದ ಮಿತಿ 2009ರಲ್ಲಿ 30 ವಾಟಿಗೆ ಏರಿತು. ಸಾಮಾನ್ಯ ಹೊರಾಂಗಣ ಉಪಕರಣಕ್ಕೆ ಇಷ್ಟು ಸಾಕು. ಸ್ವಿಚ್ ಅಥವಾ ಇಂಜೆಕ್ಟರ್ ಕಚೇರಿಯೊಳಗೆ ಒಣ ಜಾಗದಲ್ಲಿರುತ್ತದೆ. ಕೇಬಲಿನ ಉದ್ದ ಮಾತ್ರ 100 ಮೀಟರ್ ಮೀರಬಾರದು.

ಈ ಮಾನದಂಡದ ಸ್ವಿಚ್ ಆಚೆ ತುದಿಯಲ್ಲಿರುವ ಉಪಕರಣವನ್ನು ಮೊದಲು ಪರೀಕ್ಷಿಸಿ, ಅದು ವಿದ್ಯುತ್ ಸ್ವೀಕರಿಸುವಂಥದ್ದೆಂದು ಖಚಿತವಾದ ಮೇಲಷ್ಟೇ ಸುಮಾರು 48 ವೋಲ್ಟ್ ಹರಿಸುತ್ತದೆ. ಅಗ್ಗದಲ್ಲಿ ಸಿಗುವ 'ಪ್ಯಾಸಿವ್' ಇಂಜೆಕ್ಟರ್‌ಗಳು ಹಾಗೆ ಕೇಳುವುದಿಲ್ಲ, ನೇರವಾಗಿ ಕೊಟ್ಟುಬಿಡುತ್ತವೆ. 24 ವೋಲ್ಟಿನ ಉಪಕರಣಕ್ಕೆ 48 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ಜೋಡಿಸಿದರೆ ಉಪಕರಣ ಸುಟ್ಟುಹೋಗಬಹುದು. ಆದ್ದರಿಂದ ಎರಡರ ಮೇಲಿನ ಚೀಟಿಯನ್ನೂ ಓದಿಯೇ ಜೋಡಿಸಬೇಕು. ಕೇಬಲ್ ಪೂರ್ಣ ತಾಮ್ರದ್ದಾಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಕಡಿಮೆ ಬೆಲೆಗೆ ಸಿಕ್ಕಿದರೂ ಅದು ಬಿಸಿಯಾಗುತ್ತದೆ, ದಾರಿಯಲ್ಲೇ ವೋಲ್ಟೇಜ್ ಕಳೆದುಕೊಳ್ಳುತ್ತದೆ. ಹೊರಾಂಗಣಕ್ಕೆಂದೇ ಮಾಡಿದ, ಬಿಸಿಲು ತಾಳುವ ಕಪ್ಪು ಹೊದಿಕೆಯ ಕೇಬಲನ್ನೇ ಕೇಳಿ ತರಬೇಕು.

ಇನ್ನು ಸಿಡಿಲಿನ ವಿಚಾರ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆ ಮತ್ತು ಅಕ್ಟೋಬರ್-ನವೆಂಬರಿನ ಸಂಜೆ ಮಳೆ ನಮ್ಮಲ್ಲಿ ಗುಡುಗು ಸಿಡಿಲುಗಳೊಂದಿಗೇ ಬರುತ್ತವೆ. ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಉದ್ದದ ತಾಮ್ರದ ಕೇಬಲಿನಲ್ಲಿ ವಿದ್ಯುತ್ ಉಕ್ಕಿ ಸ್ವಿಚ್, ರೂಟರ್, ಕೆಲವೊಮ್ಮೆ ಕಚೇರಿಯ ಕಂಪ್ಯೂಟರ್‌ವರೆಗೂ ತಲುಪುತ್ತದೆ. ಆದ್ದರಿಂದ ಕೇಬಲ್ ಕಟ್ಟಡದೊಳಗೆ ಬರುವ ಜಾಗದಲ್ಲಿ ಒಂದು, ಉಪಕರಣದ ಬಳಿ ಒಂದು ಸರ್ಜ್ ಪ್ರೊಟೆಕ್ಟರ್ ಇರಬೇಕು. ಅರ್ತಿಂಗ್ ಕೊಡದಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ಈ ಅರ್ತಿಂಗನ್ನು ಕಟ್ಟಡದ ಮುಖ್ಯ ಅರ್ತಿಂಗಿಗೇ ಸೇರಿಸಬೇಕು, ಬೇರೆ ಗುಂಡಿ ತೋಡಿ ಪ್ರತ್ಯೇಕವಾಗಿ ಬಿಡಬಾರದು. ನೇರವಾಗಿ ಬಡಿಯುವ ಸಿಡಿಲನ್ನು ಈ ಪುಟ್ಟ ಪೆಟ್ಟಿಗೆಗಳು ತಡೆಯಲಾರವು. ಚರ್ಚಿನಿಂದ ಶಾಲೆಗೆ ಅಥವಾ ಸಭಾಭವನಕ್ಕೆ ಜೋಡಣೆ ಬೇಕಾದರೆ ಲೋಹವಿಲ್ಲದ ಫೈಬರ್ ಕೇಬಲ್ ಉತ್ತಮ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಗಂಟೆಗೋಪುರದ ತುದಿಯೇ ಒಳ್ಳೆಯ ಜಾಗ ಎಂಬುದು ಸಾಮಾನ್ಯ ನಂಬಿಕೆ. ನಾವು ಇದನ್ನು ಒಪ್ಪುವುದಿಲ್ಲ. ಸುತ್ತಲೂ ಹರಡುವ ಆಂಟೆನಾದ ಸಂಕೇತ ಅಡ್ಡಲಾಗಿ ಹೋಗುವುದರಿಂದ ಗೋಪುರದ ಬುಡದಲ್ಲಿ ನಿಂತವರಿಗೇ ಅದು ಕ್ಷೀಣವಾಗಿ ಸಿಗುತ್ತದೆ. ಸಿಡಿಲಿಗಂತೂ ಎತ್ತರದ ತುದಿಯೇ ಮೊದಲ ಗುರಿ. ಮೈದಾನಕ್ಕೆ ಮುಖ ಮಾಡಿದ ಗೋಡೆಯಲ್ಲಿ, ಸೂರಿನ ಕೆಳಗೆ, ನಾಲ್ಕೈದು ಮೀಟರ್ ಎತ್ತರ ಸಾಕು. ಗೋಪುರದಿಂದ ಇಳಿಯುವ ಸಿಡಿಲು ನಿರೋಧಕದ ತಾಮ್ರದ ಪಟ್ಟಿಗೆ, ಅನುಕೂಲವೆಂದು, ನೆಟ್‌ವರ್ಕ್ ಕೇಬಲನ್ನು ಕಟ್ಟುವುದುಂಟು. ಇದನ್ನು ಎಂದಿಗೂ ಮಾಡಬಾರದು.

ಉಪ್ಪುಗಾಳಿಗೆ ಕಬ್ಬಿಣದ ಕ್ಲ್ಯಾಂಪ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಿಸಿರಿ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ತುಸು ಕೆಳಗೆ ಜೋತುಬೀಳುವಂತೆ ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಉಪಕರಣದ ಕೇಬಲ್ ರಂಧ್ರವೂ ಕೆಳಮುಖವಾಗಿರಬೇಕು.

ಸ್ವಿಚ್ ಮತ್ತು ರೂಟರ್ ಎರಡನ್ನೂ ಸಣ್ಣ ಯುಪಿಎಸ್‌ಗೆ ಜೋಡಿಸಿದರೆ, ಕರೆಂಟು ಹೋದಾಗ ಹೊರಗಿನ ಉಪಕರಣಕ್ಕೂ ಅಲ್ಲಿಂದಲೇ ವಿದ್ಯುತ್ ಸಿಗುತ್ತದೆ. ಸಿಡಿಲು ಮಳೆಯ ಸೂಚನೆಯಿದ್ದರೆ ಹೊರಗಿನ ಕೇಬಲನ್ನು ಮುಂಚಿತವಾಗಿಯೇ ಸ್ವಿಚ್‌ನಿಂದ ಕಳಚಿಡುವ ಹೊಣೆಯನ್ನು ಕಚೇರಿಯ ಒಬ್ಬರಿಗೆ ವಹಿಸಿಕೊಡಬೇಕು. ಗುಡುಗು ಶುರುವಾದ ಮೇಲೆ ಯಾರೂ ಆ ಕೇಬಲನ್ನು ಮುಟ್ಟಕೂಡದು.