ಸಸಿ ತರುವ ಮೊದಲು ಗುಂಡಿ ತೋಡಿ ನೋಡಿ



ಮಳೆಗಾಲ ಬಂತೆಂದರೆ ನಮ್ಮ ಸಂಘಗಳಲ್ಲಿ ಗಿಡ ನೆಡುವ ಸಂಭ್ರಮ. ಮುಂದಿನ ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಎಷ್ಟೋ ಸಸಿಗಳು ಒಣಗಿರುತ್ತವೆ. "ನಿನ್ನ ಸರದಿಯಲ್ಲಿ ನೀರು ಹಾಕ್ಲಿಲ್ಲ" ಅಂತ ಸದಸ್ಯೆಯರ ನಡುವೆ ಮಾತು ಬೆಳೆಯುತ್ತದೆ. ಕೆಲವು ಸಲ ತಪ್ಪು ಯಾರದ್ದೂ ಅಲ್ಲ. ಆ ಮಣ್ಣಿಗೆ ಆ ಗಿಡ ಹೊಂದುವುದಿಲ್ಲ, ಅಷ್ಟೆ.

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮತಿಯಲ್ಲಿ ಕಲ್ಲುನೆಲಕ್ಕೆ ಬಿದ್ದ ಬೀಜ ಬೇಗ ಮೊಳೆತು, ಮಣ್ಣು ಆಳವಿಲ್ಲದೆ ಬಿಸಿಲಿಗೆ ಬಾಡಿತು. ನಮ್ಮ ಕರಾವಳಿ, ಮಲೆನಾಡಿನ ಗುಡ್ಡಗಳಲ್ಲೂ ಹಾಗೆಯೇ. ಮೇಲೆ ಕೆಂಪು ಮಣ್ಣು ಕಂಡರೂ ಕೆಳಗೆ ಮುರಕಲ್ಲು ಇರಬಹುದು. ಆದ್ದರಿಂದ ನಾಲ್ಕು ವಿಷಯ ನೋಡಿಕೊಳ್ಳಿ.

1. ಆಳ: ಗುಡ್ಡದ ಮೇಲೆ, ನಡುವೆ, ಬುಡದಲ್ಲಿ ಒಂದೊಂದು ಗುಂಡಿಯನ್ನು 3 ಅಡಿವರೆಗೆ ತೋಡಿ. ಹಾರೆ ಎಷ್ಟು ಆಳದಲ್ಲಿ ಕಲ್ಲಿಗೆ ತಾಗಿತು ಎಂದು ಬರೆದಿಡಿ.

2. ನೀರು ಇಂಗುವಿಕೆ: ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೊಮ್ಮೆ ತುಂಬಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ.

3. ಮರಳೋ ಜೇಡಿಯೋ: ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕೂರಲು ಒಂದು ದಿನಕ್ಕೂ ಹೆಚ್ಚು ಬೇಕಾಗಬಹುದು. ಮರಳು ಜಾಸ್ತಿ ಇದ್ದರೆ ತೇವ ನಿಲ್ಲದು, ಜೇಡಿ ಜಾಸ್ತಿ ಇದ್ದರೆ ನೀರು ಬೇಗ ಇಳಿಯದು.

4. ಮಣ್ಣಿನ ಜೀವ: ಮೇಲ್ಮಣ್ಣು ಕಪ್ಪಗಿದೆಯೇ, ಎರೆಹುಳ ಇದೆಯೇ, ಕೊಳೆತ ತರಗೆಲೆ ಇದೆಯೇ ನೋಡಿ. ತರಗೆಲೆ ಗುಡಿಸಿ ಸುಡಬೇಡಿ, ಅದೇ ಕಾಡಿನ ಗೊಬ್ಬರ.

ಮಳೆ ಹೆಚ್ಚಿರುವ ನಮ್ಮ ಕಡೆ ಮಣ್ಣು ಸಾಮಾನ್ಯವಾಗಿ ಹುಳಿ. ಎಷ್ಟು ಹುಳಿ ಎಂದು ಕಣ್ಣಿಗೆ ಕಾಣಿಸುವುದಿಲ್ಲ. ಮೂರೂ ಗುಂಡಿಯ ಮೇಲಿನ ಒಂದು ಅಡಿಯ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಬಟ್ಟೆಚೀಲಕ್ಕೆ ತುಂಬಿ. ಸರ್ವೆ ನಂಬರ್ ಜೊತೆಗೆ "ಮರ ಬೆಳೆಸಲು" ಎಂದು ಚೀಟಿ ಬರೆದಿಡಿ. ಪರೀಕ್ಷೆ ಎಲ್ಲಿ ಮಾಡಿಸುವುದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಇನ್ನು ಗಿಡದ ಆಯ್ಕೆ. ಆಳವಾದ, ನೀರು ನಿಲ್ಲದ ಮಣ್ಣಿದ್ದರೆ ತೇಗ ಏಳುತ್ತದೆ. ಮುರಕಲ್ಲಿನ ಮೇಲೆ ಏಳದು. ಜಲ್ಲಿ ಬೆರೆತ ಮಣ್ಣಿಗೆ ಗೇರು, ನೆಲ್ಲಿ ಹೊಂದುತ್ತವೆ. ತೋಡಿನ ಬದಿಯ ತೇವಕ್ಕೆ ಹೊಳೆಮತ್ತಿ ಒಳ್ಳೆಯದು. ಒಂದೇ ಗುಡ್ಡಕ್ಕೆ ಒಂದೇ ಜಾತಿ ಎಂದು ಹಟ ಬೇಡ.

ಕೆಲಸ ಮುಗಿದ ಕೂಡಲೇ ಗುಂಡಿ ಮುಚ್ಚಿ. ಮಕ್ಕಳು, ದನಕರು ಓಡಾಡುವ ಜಾಗ. ಮುಂದಿನ ವಾರದ ಸಭೆಯಲ್ಲಿ ಈ ವಿಷಯ ಚರ್ಚಿಸಿ, ಮೂರೂ ಗುಂಡಿಯ ಲೆಕ್ಕವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಸಸಿಗೆ ಹಣ ಕೊಡಿ. ಒಂದು ದಿನದ ಶ್ರಮ, ಸಂಘದ ಉಳಿತಾಯವೂ ಉಳಿದೀತು, ನಮ್ಮೊಳಗಿನ ಪ್ರೀತಿಯೂ ಉಳಿದೀತು.