ತುಳಸಿ ವಾಸನೆಗೆ ಮಾವಿನ ಊಜಿ ನೊಣ ಓಡಿಹೋಗುತ್ತದೆಯೇ?

ಹೊರಗೆ ಚೆಂದ ಕಾಣುವ ಬಾದಾಮಿ ಮಾವು ಹೆಚ್ಚಿದರೆ ಒಳಗೆ ಬಿಳಿ ಹುಳು! ಈ ಅನುಭವ ನಮ್ಮಲ್ಲಿ ಬಹುತೇಕರಿಗೆ ಆಗಿರುತ್ತದೆ. ಇದು ಹಣ್ಣುನೊಣದ ಕೆಲಸ. ಕೋಲಾರದ ಕಡೆಯ ಬೆಳೆಗಾರರು ಊಜಿ ಎನ್ನುತ್ತಾರೆ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಆಮೇಲೆ ಹೊರಗಿನಿಂದ ಔಷಧಿ ಹೊಡೆದರೆ ಒಳಗಿನ ಹುಳುವಿಗೆ ತಾಗುವುದು ಕಷ್ಟ, ಕೊಯ್ಲಿನ ಹೊತ್ತಿಗೆ ವಿಷದ ಅಂಶ ಹಣ್ಣಿನಲ್ಲಿ ಉಳಿಯುವ ಭಯ ಬೇರೆ.

ಹಾಗಾದರೆ ತೋಟದಲ್ಲಿ ತುಳಸಿ ಇಟ್ಟರೆ ಸಾಕೇ? ವಿಷಯ ಇರುವುದು ತಲೆಕೆಳಗಾಗಿ. ತುಳಸಿ ಈ ನೊಣವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಅದರ ಎಣ್ಣೆಯಲ್ಲಿರುವ ಮಿಥೈಲ್ ಯೂಜಿನಾಲ್ ಎಂಬ ರಾಸಾಯನಿಕಕ್ಕೆ ಗಂಡು ನೊಣಗಳು ಮುಗಿಬೀಳುತ್ತವೆ. ಇದು ತಿಳಿದದ್ದು ನಮ್ಮ ದೇಶದಲ್ಲೇ, ಅದೂ ಆಕಸ್ಮಿಕವಾಗಿ. ಬಿಹಾರದ ಪೂಸಾದಲ್ಲಿ ಸೊಳ್ಳೆ ಬಾರದಿರಲೆಂದು ಬಳಸಿದ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತಿಕೊಂಡವು. ಕೀಟವಿಜ್ಞಾನಿ ಹೌಲೆಟ್ 1912ರಲ್ಲಿ ಇದನ್ನು ಪ್ರಕಟಿಸಿದರು, ಬಂದವೆಲ್ಲ ಗಂಡುಗಳೇ.

ಗಂಡು ನೊಣ ಇದನ್ನು ತಿಂದು ಹೆಣ್ಣನ್ನು ಸೆಳೆಯುವ ವಾಸನೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಅಂದರೆ ಬರೀ ತುಳಸಿ ರಸ ಇಟ್ಟು ಬಿಟ್ಟರೆ ನಾವು ಊಜಿಯ ಮದುವೆಗೆ ನೆರವಾದಂತೆ! ಅದಕ್ಕೇ ಮೋಹಕ ಬಲೆಯಲ್ಲಿ ಬಂದ ನೊಣ ಸಾಯುವ ಏರ್ಪಾಡೂ ಇರಬೇಕು. ಸಾಮಾನ್ಯವಾಗಿ ಪ್ಲೈವುಡ್ ತುಂಡಿಗೆ ಮಿಥೈಲ್ ಯೂಜಿನಾಲ್ ಜೊತೆ ಸ್ವಲ್ಪ ಕೀಟನಾಶಕವನ್ನೂ ಹೀರಿಸಿ ಡಬ್ಬಿಯೊಳಗೆ ತೂಗುಹಾಕುತ್ತಾರೆ. ಪೂರ್ತಿ ಸಾವಯವ ಅಲ್ಲ ನಿಜ, ಆದರೆ ವಿಷ ಡಬ್ಬಿಯಲ್ಲೇ ಉಳಿಯುತ್ತದೆ, ಹಣ್ಣಿಗೆ ತಾಗುವುದಿಲ್ಲ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಇದೇ ಉಪಾಯದಿಂದ ಈ ನೊಣವನ್ನು ನಿರ್ನಾಮ ಮಾಡಲಾಯಿತು.

ನಮ್ಮ ತೋಟ ದ್ವೀಪವಲ್ಲ. ಒಬ್ಬರೇ ಬಲೆ ಕಟ್ಟಿದರೆ ಪಕ್ಕದ ತೋಟದಿಂದ ಗರ್ಭ ಕಟ್ಟಿದ ಹೆಣ್ಣು ನೊಣ ಹಾರಿ ಬರುತ್ತದೆ, ಅದಕ್ಕೆ ಈ ಬಲೆಯ ಗೊಡವೆಯೇ ಇಲ್ಲ. ಆದ್ದರಿಂದ ಅಕ್ಕಪಕ್ಕದವರೆಲ್ಲ ಸೇರಿ, ಕೊಯ್ಲಿಗೆ ಸುಮಾರು ಎರಡು ತಿಂಗಳ ಮೊದಲೇ ಕಟ್ಟಬೇಕು. ಉದುರಿದ ಹಣ್ಣನ್ನು ಆಗಾಗ ಆರಿಸಿ ಆಳವಾಗಿ ಹೂಳಬೇಕು. ಹುಳು ಮಣ್ಣಿಗಿಳಿದು ಕೋಶವಾಗುವುದು ಅಲ್ಲಿಂದಲೇ. ನಮ್ಮನ್ನು ಕೇಳಿದರೆ, ಬಲೆಗಿಂತ ಹೆಚ್ಚು ಜನ ಉದಾಸೀನ ಮಾಡುವುದು ಈ ಕೆಲಸವನ್ನೇ.

ಹಾಗಲ, ಹೀರೆಗೆ ಬೀಳುವ ನೊಣ ಬೇರೆ ಜಾತಿ. ಅದಕ್ಕೆ ಕ್ಯೂಲೂರ್ ಎಂಬ ಬೇರೆ ಆಕರ್ಷಕ ಬೇಕು, ಅಂಗಡಿಯಲ್ಲಿ ಬೆಳೆಯ ಹೆಸರು ಹೇಳಿಯೇ ಕೇಳಿ.

ಗಿಡದಿಂದ ಬಂದದ್ದೆಂದು ಮಿಥೈಲ್ ಯೂಜಿನಾಲನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಇದನ್ನು ಸೇರಿಸಿದೆ. ಬಲೆಗೆ ತುಂಬುವಾಗ ಕೈಗವಸು ಇರಲಿ.